ಅಣಬೆ ಮನೆಯ ಥರ್ಮಿಸ್ಟರ್ ಒಂದೂವರೆ ಡಿಗ್ರಿ ಹೆಚ್ಚು ತೋರಿಸುವುದೇಕೆ?

ಪೆರ್ಲದ ಕೃಷಿಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪೆರ್ಲದಲ್ಲಿ ಅಡಿಕೆ ತೋಟದ ಬದಿಗಿರುವ ಹಳೆಯ ಕೊಟ್ಟಿಗೆಯನ್ನು ಸರಿಪಡಿಸಿ, ಬೈಹುಲ್ಲಿನ ಬೆಡ್‌ಗಳಲ್ಲಿ ಚಿಪ್ಪಣಬೆ ಬೆಳೆಸುತ್ತಿದ್ದೇನೆ. ಒಳಗಿನ ಹವೆಯನ್ನು ನೋಡಿಕೊಳ್ಳಲು ಇಎಸ್‌ಪಿ 8266 ಬೋರ್ಡ್ (ವೈಫೈ ಇರುವ ಪುಟ್ಟ ಕಂಪ್ಯೂಟರ್), 10 ಕಿಲೋ ಓಮ್‌ನ ಥರ್ಮಿಸ್ಟರ್ (ಉಷ್ಣತೆಗೆ ತಕ್ಕಂತೆ ವಿದ್ಯುತ್ ರೋಧ ಬದಲಾಗುವ ಸೆನ್ಸರ್) ಮತ್ತು ತೇವಾಂಶಕ್ಕಾಗಿ ಡಿಎಚ್‌ಟಿ 22 ಸೆನ್ಸರ್, ಈ ಮೂರನ್ನೂ ಒಂದೇ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಗೋಡೆಗೆ ಜೋಡಿಸಿದ್ದೇನೆ. ತೇವಾಂಶ ಶೇ. 85ಕ್ಕಿಂತ ಇಳಿದರೆ ಮಂಜಿನಂತೆ ನೀರು ಚಿಮುಕಿಸುವ ಫಾಗರ್ ತಾನಾಗಿ ಚಾಲೂ ಆಗುತ್ತದೆ.

ಬೆಳಗ್ಗೆ ಸ್ವಿಚ್ ಹಾಕಿದ ಕೂಡಲೇ ಥರ್ಮಿಸ್ಟರ್ ಮತ್ತು ಪಕ್ಕದಲ್ಲಿ ತೂಗುಹಾಕಿದ ಗಾಜಿನ ಥರ್ಮಾಮೀಟರ್ ಎರಡೂ ತಾಳೆಯಾಗುತ್ತವೆ. ಅರ್ಧ ಗಂಟೆಯೊಳಗೆ ಥರ್ಮಿಸ್ಟರ್ ಒಂದೂವರೆ ಡಿಗ್ರಿಯಷ್ಟು ಮೇಲೆ ಹೋಗಿ ಅಲ್ಲೇ ನಿಲ್ಲುತ್ತದೆ. ಆದರೆ ಅದನ್ನೇ ಮಂಜುಗಡ್ಡೆ ಹಾಕಿದ ನೀರಿನಲ್ಲಿ ಮುಳುಗಿಸಿ ನೋಡಿದಾಗ ಸರಿಯಾಗಿ ಸೊನ್ನೆಯ ಹತ್ತಿರವೇ ತೋರಿಸಿತು. ಈಚೆಗೆ ಫಾಗರ್ ನಿಲ್ಲುವುದೇ ಅಪರೂಪವಾಗಿ, ಬೆಡ್‌ಗಳ ಮೇಲ್ಭಾಗ ನೀರು ಕಟ್ಟಿದಂತಿದೆ. ಸೆನ್ಸರ್ ಬದಲಾಯಿಸಬೇಕೇ?

ಕುಂಬಳೆಯ ಓದುಗ

ಬದಲಾಯಿಸುವುದು ಬೇಡ. ವ್ಯತ್ಯಾಸ ಯಾವಾಗಲೂ ಒಂದೂವರೆ ಡಿಗ್ರಿ ಎಂದಾದರೆ ಪ್ರೋಗ್ರಾಮಿನಲ್ಲೇ ಅಷ್ಟನ್ನು ಕಳೆದುಬಿಡಿ.

ಬದಿಯಡ್ಕದ ರಿಪೇರಿಯವ

ಕಳೆಯುವುದಕ್ಕೆ ಮುಂಚೆ ಆ ಬಿಸಿ ಎಲ್ಲಿಂದ ಬರುತ್ತದೆಂದು ತಿಳಿಯಬೇಕು ಅಣ್ಣ. ಸೆನ್ಸರ್ ಹೇಳುವುದು ಗಾಳಿಯ ಉಷ್ಣತೆಯನ್ನಲ್ಲ, ತನ್ನ ಮೈಯ ಉಷ್ಣತೆಯನ್ನು. ಗಾಳಿ ಮತ್ತು ಸೆನ್ಸರ್ ಸಮವಾಗಿದ್ದಾಗ ಮಾತ್ರ ಎರಡೂ ಒಂದೇ.

ಥರ್ಮಿಸ್ಟರನ್ನು ಓದಲು ಅದರ ಮೂಲಕ ಕರೆಂಟ್ ಹರಿಯಲೇಬೇಕು, ಹರಿದ ಕರೆಂಟ್ ಅದನ್ನು ಬಿಸಿ ಮಾಡುತ್ತದೆ. 3.3 ವೋಲ್ಟ್‌ಗೆ 10 ಕಿಲೋ ಓಮ್‌ನ ರೆಸಿಸ್ಟರ್ ಜೊತೆ ಸರಣಿಯಲ್ಲಿ ಜೋಡಿಸಿದ್ದರೆ, 25 ಡಿಗ್ರಿಯಲ್ಲಿ ಥರ್ಮಿಸ್ಟರ್ ಮೇಲೆ ಬೀಳುವುದು 1.65 ವೋಲ್ಟ್, ಅದು ಬಿಸಿಯಾಗಿ ಬದಲಾಯಿಸುವ ವಿದ್ಯುತ್ತು ಸುಮಾರು 0.27 ಮಿಲಿವಾಟ್. ಸಣ್ಣ ಮಣಿಯಂಥ ಥರ್ಮಿಸ್ಟರುಗಳಲ್ಲಿ ನಿಂತ ಗಾಳಿಯಲ್ಲಿ ಒಂದೆರಡು ಮಿಲಿವಾಟ್‌ಗೆ ಒಂದು ಡಿಗ್ರಿ ಏರುವುದು ಸಾಮಾನ್ಯ. ಹಾಗಾಗಿ ಸ್ವಂತ ಬಿಸಿಯ ಪಾಲು 0.2 ಡಿಗ್ರಿಯ ಆಸುಪಾಸು. ಉಳಿದದ್ದು ನೆರೆಮನೆಯ ಬಿಸಿ, ಅಂದರೆ ಪಕ್ಕದಲ್ಲಿರುವ ಬೋರ್ಡಿನದು. ವೈಫೈ ಚಾಲೂ ಇರುವಾಗ ಬೋರ್ಡ್ 80 ಮಿಲಿಆಂಪಿಯರ್ ಎಳೆಯಿತೆಂದರೂ 5 ವೋಲ್ಟ್‌ನಲ್ಲಿ 400 ಮಿಲಿವಾಟ್ ಆಯಿತು, ಅಂದರೆ ಥರ್ಮಿಸ್ಟರ್‌ನದ್ದಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು, ಅದೂ ಗಾಳಿಯಾಡದ ಡಬ್ಬಿಯೊಳಗೆ.

ಮಂಜುಗಡ್ಡೆಯ ಪರೀಕ್ಷೆ ಇದನ್ನು ಬಯಲು ಮಾಡಲಾರದು. ನೀರು ಗಾಳಿಗಿಂತ ಬಹಳ ಬೇಗ ಬಿಸಿಯನ್ನು ಎಳೆದುಕೊಳ್ಳುತ್ತದೆ, ಮುಳುಗಿದ ಸೆನ್ಸರ್ ಬೋರ್ಡಿನಿಂದ ದೂರವೂ ಇರುತ್ತದೆ. ಅದೇ ಕಾರಣಕ್ಕೆ ಒಂದೇ ಸಂಖ್ಯೆಯನ್ನು ಕಳೆಯುವುದನ್ನೂ ನಾನು ಒಪ್ಪುವುದಿಲ್ಲ: ಫ್ಯಾನ್ ತಿರುಗುವಾಗಿನ ವ್ಯತ್ಯಾಸ ಒಂದು, ನಿಂತಾಗಿನದು ಇನ್ನೊಂದು.

ಫಾಗರಿನ ತೊಂದರೆಯ ಮೂಲವೂ ಇದುವೇ ಎನಿಸುತ್ತದೆ. 27 ಡಿಗ್ರಿಯಲ್ಲಿ ಶೇ. 85 ತೇವವಿರುವ ಗಾಳಿ ಡಬ್ಬಿಯೊಳಗೆ 28.5ಕ್ಕೆ ಬಿಸಿಯಾದರೆ, ಅದರಲ್ಲಿರುವ ನೀರಾವಿ ಅಷ್ಟೇ ಇದ್ದರೂ ಸಾಪೇಕ್ಷ ತೇವಾಂಶ (ಆ ಉಷ್ಣತೆಯಲ್ಲಿ ಗಾಳಿ ಹಿಡಿಯಬಲ್ಲ ಆವಿಯಲ್ಲಿ ಎಷ್ಟು ಪಾಲು ಇದೆ ಎಂಬುದು) ಶೇ. 78ರ ಹತ್ತಿರಕ್ಕೆ ಇಳಿಯುತ್ತದೆ. ಕೋಣೆಯಲ್ಲಿ ಸಾಕಷ್ಟು ತೇವವಿದ್ದರೂ ಯಂತ್ರ ನೀರು ಚಿಮುಕಿಸುತ್ತಲೇ ಇರುತ್ತದೆ.

ಎರಡೂ ಸೆನ್ಸರುಗಳನ್ನು ಒಂದು ಮೀಟರ್ ವಯರಿನಲ್ಲಿ ಹೊರಗೆ ತನ್ನಿ, ಬೋರ್ಡಿಗಿಂತ ಮೇಲೆ ಮಾತ್ರ ಕಟ್ಟಬೇಡಿ, ಬಿಸಿಗಾಳಿ ಮೇಲಕ್ಕೇ ಏರುತ್ತದೆ. ಥರ್ಮಿಸ್ಟರಿಗೆ ಸದಾ ವೋಲ್ಟೇಜ್ ಕೊಡುವ ಬದಲು ಬೋರ್ಡಿನ ಒಂದು ಪಿನ್ನಿನಿಂದ ಓದುವ ಕ್ಷಣಕ್ಕಷ್ಟೇ ಕೊಡಿ. ಕೆಲವು ಮಿಲಿಸೆಕೆಂಡುಗಳಲ್ಲಿ ಅದಕ್ಕೆ ಬಿಸಿಯೇರಲು ಸಮಯವೇ ಸಿಗುವುದಿಲ್ಲ. ಸರಣಿಯ ರೆಸಿಸ್ಟರನ್ನು 47 ಕಿಲೋ ಓಮ್ ಮಾಡಿದರೂ ಬಿಸಿ ಎಂಟನೇ ಒಂದಕ್ಕೆ ಇಳಿಯುತ್ತದೆ, ಆದರೆ ಸಂಕೇತ ಸಣ್ಣದಾಗಿ ಓದಿನಲ್ಲಿ ಗದ್ದಲ (ಏರುಪೇರು) ಹೆಚ್ಚುವುದರಿಂದ ನಾನು ಪಿನ್ನಿನ ದಾರಿಯನ್ನೇ ಆರಿಸುತ್ತೇನೆ.

ಮುಳ್ಳೇರಿಯದ ವಿಜ್ಞಾನ ಅಧ್ಯಾಪಕ

ಮೇಲಿನ ವಿವರಣೆ ಸರಿಯಾಗಿದೆ. ಸ್ವಂತ ಬಿಸಿಯನ್ನು ಊಹಿಸದೆ ಅಳೆಯುವ ದಾರಿಯೊಂದಿದೆ, ಪ್ಲಾಟಿನಂ ಥರ್ಮಾಮೀಟರುಗಳಲ್ಲಿ ಬಳಸುವಂಥದ್ದು. ಪಿಟಿ 100 ಎಂಬ ಪ್ಲಾಟಿನಂ ಸೆನ್ಸರನ್ನು ಮೊದಲು 1 ಮಿಲಿಆಂಪಿಯರ್‌ನಲ್ಲಿ, ಬಳಿಕ 1.414 ಮಿಲಿಆಂಪಿಯರ್‌ನಲ್ಲಿ ಓದಬೇಕು. ಬಿಸಿ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಎರಡನೆಯ ಸಲ ಅದು ಸರಿಯಾಗಿ ಇಮ್ಮಡಿಯಾಗುತ್ತದೆ. ಮೊದಲ ಓದು 30.10, ಎರಡನೆಯದು 30.16 ಎಂದಾದರೆ, ಹೆಚ್ಚಿದ 0.06 ಡಿಗ್ರಿಯೇ ಮೊದಲ ಓದಿನಲ್ಲಿದ್ದ ಸ್ವಂತ ಬಿಸಿ. ಕರೆಂಟೇ ಇಲ್ಲದಿದ್ದರೆ ಉಷ್ಣತೆ 30.04 ಇರುತ್ತಿತ್ತು. ಗಾಳಿ ಮಾತ್ರ ಎರಡು ಓದುಗಳ ನಡುವೆ ಬದಲಾಗಬಾರದು. ನಿಮ್ಮ ಕೆಲಸಕ್ಕೆ ಇಷ್ಟು ಸೂಕ್ಷ್ಮತೆ ಬೇಡ, ಆದರೆ ಶಾಲೆಯ ಪ್ರಯೋಗಾಲಯದಲ್ಲಿ ಮಕ್ಕಳಿಗೆ ತೋರಿಸಬೇಕಾದ ವಿಷಯವಿದು.

ಪೆರ್ಲದ ಕೃಷಿಕ

ತುಂಬ ಉಪಕಾರವಾಯಿತು. ಸೆನ್ಸರುಗಳನ್ನು ಹೊರಗೆ ತಂದ ಮೇಲೆ ವ್ಯತ್ಯಾಸ ಕಾಲು ಡಿಗ್ರಿಗೆ ಇಳಿದಿದೆ, ಪಿನ್ನಿನ ವ್ಯವಸ್ಥೆ ಮಾಡಿದ ಬಳಿಕ ಗಾಜಿನ ಥರ್ಮಾಮೀಟರಿನಲ್ಲಿ ಗುರುತಿಸುವಷ್ಟೂ ಉಳಿದಿಲ್ಲ. ಫಾಗರ್ ಈಗ ನಿಂತು ನಿಂತು ಓಡುತ್ತದೆ. ಸೆನ್ಸರುಗಳನ್ನು ಬೆಡ್‌ಗಳ ನಡುವೆ, ಫಾಗರಿನ ಎದುರಿಗೆ ತೂಗುಹಾಕಬಹುದೇ?

ಬದಿಯಡ್ಕದ ರಿಪೇರಿಯವ

ಬೆಡ್‌ಗಳ ನಡುವೆ ಆಗಬಹುದು, ಫಾಗರಿನ ಎದುರಿಗೆ ಬೇಡ. ಒದ್ದೆಯಾದ ಥರ್ಮಿಸ್ಟರ್ ನೀರು ಆವಿಯಾಗುವಾಗ ತಣಿದು, ಗಾಳಿಗಿಂತ ಒಂದೆರಡು ಡಿಗ್ರಿ ಕಡಿಮೆ ತೋರಿಸುತ್ತದೆ. ನೀರ ಹನಿ ತಾಗದಂತೆ ಮೇಲೊಂದು ಬಿಳಿಯ ತಟ್ಟೆಯನ್ನು ಮುಚ್ಚಿ, ಬದಿಗಳನ್ನು ತೆರೆದೇ ಬಿಡಿ.