ಓದುಗರ ಸ್ಪಂದನ: ಕೆಲಸ ಬಿಟ್ಟು ಜಾದೂಗಾರನಾಗಲೇ?

ಮಂಡ್ಯದ ಓದುಗ ಮಿತ್ರರೇ, ಈಗಿನ ಕೆಲಸ ಬಿಟ್ಟು ಜಾದೂವನ್ನೇ ವೃತ್ತಿಯಾಗಿಸಿಕೊಳ್ಳಲೇ ಎಂದು ಕೇಳಿದ್ದೀರಿ. ‘ಕಣ್ಕಟ್ಟು ವಿದ್ಯೆಯಿಂದ ಹೊಟ್ಟೆ ತುಂಬೀತೇ’ ಎಂಬ ನಿಮ್ಮ ತಂದೆಯವರ ಪ್ರಶ್ನೆಯನ್ನು ತಳ್ಳಿಹಾಕಬೇಡಿ. ಇದೇ ವೃತ್ತಿಯಲ್ಲಿ ಸಂಸಾರ ನಡೆಸುತ್ತಿರುವವನಾಗಿ ಹೇಳುತ್ತಿದ್ದೇನೆ: ಏಪ್ರಿಲ್-ಮೇ ತಿಂಗಳ ಬೇಸಿಗೆ ಶಿಬಿರಗಳಲ್ಲಿ, ದಸರಾ ದಿನಗಳಲ್ಲಿ, ಡಿಸೆಂಬರ್-ಜನವರಿಯ ಶಾಲಾ ವಾರ್ಷಿಕೋತ್ಸವಗಳಲ್ಲಿ ಪುರುಸೊತ್ತಿಲ್ಲದಷ್ಟು ಕೆಲಸ ಸಿಗುತ್ತದೆ, ಮದುವೆ-ಮುಂಜಿಗಳಿಲ್ಲದ ಆಷಾಢದಲ್ಲಿ ಕರೆಯುವವರೇ ಇರುವುದಿಲ್ಲ. ಆದ್ದರಿಂದ ಈಗಿನ ನೌಕರಿಯನ್ನು ಉಳಿಸಿಕೊಂಡೇ ಭಾನುವಾರದ ಹುಟ್ಟುಹಬ್ಬಗಳನ್ನು ಒಪ್ಪಿಕೊಳ್ಳಿ, ಆಷಾಢವೂ ಸೇರಿದಂತೆ ಒಂದು ವರ್ಷದ ಜಮಾ-ಖರ್ಚನ್ನು ಬರೆದು ತಂದೆಯವರ ಮುಂದಿಡಿ. ಮುಂಗಡವಿಲ್ಲದೆ ದಿನಾಂಕ ಕೊಡಬೇಡಿ.

ಸಾಲ ಮಾಡಿ ದೊಡ್ಡ ಜಾದೂ ಪೆಟ್ಟಿಗೆಗಳನ್ನು ಕೊಳ್ಳುವ ಯೋಚನೆಯನ್ನಂತೂ ದಯವಿಟ್ಟು ಕೈಬಿಡಿ. ಹೆಸರಾಂತ ಜಾದೂಗಾರ ಪಿ.ಸಿ. ಸರ್ಕಾರ್ ಅವರ ‘ಇಂದ್ರಜಾಲ’ ಪ್ರದರ್ಶನದ ವೈಭವಕ್ಕೆ ದೊಡ್ಡ ತಂಡವೂ ಸುಸಜ್ಜಿತ ರಂಗವೂ ಬೇಕಿದ್ದವು, ನಮ್ಮ ಕಲ್ಯಾಣ ಮಂಟಪಗಳಲ್ಲಿ ಮಕ್ಕಳು ವೇದಿಕೆಯ ಅಕ್ಕಪಕ್ಕಕ್ಕೆ, ಕೆಲವೊಮ್ಮೆ ಬೆನ್ನ ಹಿಂದಕ್ಕೂ ಬಂದು ನಿಲ್ಲುವುದರಿಂದ, ಎದುರಿನಿಂದಲೇ ನೋಡಬೇಕಾದ ಪೆಟ್ಟಿಗೆಯ ಗುಟ್ಟು ಅಲ್ಲಿ ಉಳಿಯುವುದಿಲ್ಲ. ಹಗ್ಗ, ನಾಣ್ಯ, ಇಸ್ಪೀಟು, ಕರವಸ್ತ್ರ ಸಾಕು. ನಾಣ್ಯವನ್ನು ಬಲ ಅಂಗೈಯಲ್ಲೇ ಉಳಿಸಿಕೊಂಡು ಎಡಗೈಗೆ ಕೊಟ್ಟಂತೆ ತೋರಿಸುವುದನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡುವಾಗ, ನಿಮ್ಮ ದೃಷ್ಟಿ ಏನೂ ಇಲ್ಲದ ಎಡಗೈಯನ್ನೇ ಹಿಂಬಾಲಿಸಲಿ, ಬಲಗೈ ಬಿಗಿಯಾಗದೆ ಸಹಜವಾಗಿ ಕೆಳಗಿಳಿಯಲಿ. ಜಾದೂಗಾರ ಎತ್ತ ನೋಡುತ್ತಾನೋ ಸಭೆಯೂ ಅತ್ತಲೇ ನೋಡುತ್ತದೆ. ಇದು ಮೈಗೂಡಲು ತಿಂಗಳುಗಳೇ ಬೇಕು, ಹಣ ಬೇಕಿಲ್ಲ.

– ವೃತ್ತಿ ಜಾದೂಗಾರ, ಮೈಸೂರು

ಮಗನನ್ನು ಊರವರು ಮಾಟ-ಮಂತ್ರದವನೆಂದುಕೊಂಡಾರು ಎಂದು ನಿಮ್ಮ ತಾಯಿ ಅಂಜುತ್ತಿರುವುದಾಗಿ ಬರೆದಿದ್ದೀರಿ. ಆ ಅಂಜಿಕೆಯನ್ನು ಕಳೆಯುವುದು ನಿಮ್ಮ ಕೈಯಲ್ಲೇ ಇದೆ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದ ನಾಡು ನಮ್ಮದು. ಪವಾಡ ಬಯಲು ಮಾಡುವ ಕಾರ್ಯಕ್ರಮಗಳನ್ನು ಹಳ್ಳಿಯ ಶಾಲೆಗಳು ಇಂದಿಗೂ ಆದರದಿಂದ ಬರಮಾಡಿಕೊಳ್ಳುತ್ತವೆ. ವಿಭೂತಿಯನ್ನು ಗಂಜಿಯಲ್ಲಿ ಕಲಸಿ, ಒಣಗಿಸಿದ ಸಣ್ಣ ಉಂಡೆಯನ್ನು ಬೆರಳ ಸಂದಿಯಲ್ಲಿ ಅಡಗಿಸಿ ಪುಡಿಮಾಡುವುದನ್ನು ತೋರಿಸಿಕೊಟ್ಟಾಗ, ಅದುವರೆಗೆ ಕೈಮುಗಿದು ಕುಳಿತಿದ್ದ ಮಕ್ಕಳು ಒಬ್ಬರ ಮೇಲೊಬ್ಬರು ಮುಂದೆ ಬಂದು ಪ್ರಶ್ನೆ ಕೇಳುವುದನ್ನು ಶಿಕ್ಷಕಿಯಾಗಿ ನಾನು ಕಣ್ಣಾರೆ ಕಂಡಿದ್ದೇನೆ. ನಿಮ್ಮ ಊರಿನ ಶಾಲೆಯಲ್ಲೇ ಇಂಥದ್ದೊಂದು ಪ್ರದರ್ಶನ ಏರ್ಪಡಿಸಿ, ತಾಯಿಯವರನ್ನೂ ಕರೆದೊಯ್ಯಿರಿ. ಪ್ರತಿ ಪ್ರದರ್ಶನದ ಆರಂಭದಲ್ಲೇ ‘ಇದು ಕೈಚಳಕ, ಯಾವ ಶಕ್ತಿಯೂ ಅಲ್ಲ’ ಎಂದು ಹೇಳಿಬಿಡಿ. ಕಳೆದ ಒಡವೆ ಹುಡುಕಿಕೊಡಿ, ಭವಿಷ್ಯ ಹೇಳಿ ಎಂದು ಬರುವವರು ಎಷ್ಟೇ ಹಣ ಕೊಡುತ್ತೇವೆಂದರೂ ಒಪ್ಪಬೇಡಿ.

– ನಿವೃತ್ತ ಶಿಕ್ಷಕಿ, ಮದ್ದೂರು