ಬೆಳಗಾವಿಯೊಳಗ ‘ಇಟಲಿ ವೆಸ್ಪಾ’ ಒಂದು ನೋಡೀನಿ, ತಗೋಬೇಕೋ ಬ್ಯಾಡೋ?

ಬಾಗಲಕೋಟಿ ಸ್ಟುಡಿಯೋ:
ಎಲ್ಲಾರಿಗೂ ನಮಸ್ಕಾರ್ರಿ. ನವನಗರದಾಗ ನಂದೊಂದು ಸಣ್ಣ ಫೋಟೊ ಸ್ಟುಡಿಯೋ ಐತಿ. ಈಗ ಮದವಿ ಮುಂಚಿನ ಶೂಟಿಂಗಿಗೆ ಬರೂ ಜೋಡಿ ಎಲ್ಲಾ "ಹಳೇ ಸ್ಕೂಟರ್ ಐತೇನ್ರಿ?" ಅಂತಾನ ಕೇಳ್ತಾವ. ಬಾದಾಮಿ ಕೆಂಪ ಬಂಡೆ ಮುಂದ ಹಸರ ಸ್ಕೂಟರ್ ನಿಲ್ಲಿಸಿದ್ರ ಮತ್ತೇನೂ ಬ್ಯಾಡ, ಫ್ರೇಮ್ ತುಂಬತೈತಿ.

ಹೋದ ವಾರ ಬೆಳಗಾವಿ ಶಹಾಪುರದಾಗ ಅಂಥಾದ್ದೊಂದು ನೋಡಿ ಬಂದೆ. ತಿಳಿ ಹಸರ ಬಣ್ಣ, ಸಣ್ಣ ಗಾಲಿ, ಮುಂದ ‘ವೆಸ್ಪಾ’ ಅಂತ ಓರೆ ಅಕ್ಷರ. "ಅಸಲಿ ಇಟಲಿ ಮಾಲು, 1964ರದ್ದು" ಅಂತಾರ. 1,20,000 ಹೇಳ್ಯಾರ. ಆರ್‌ಸಿ ಅವರ ತಂದೆಯವ್ರ ಹೆಸರಿನಾಗ ಐತಿ, ಅವ್ರು ತೀರಿಕೊಂಡಾರ. ನಾ ಹೋಗೂದ್ರಾಗ ಎಂಜಿನ್ ಬಿಸಿ ಮಾಡಿ ಇಟ್ಟಿದ್ರು, ಒಂದ ಕಿಕ್ಕಿಗೆ ಚಾಲೂ ಆತು. ನನಗ ಗಾಡಿ ಓಡಸಾಕ ಬರತೈತಿ, ಬಿಚ್ಚಾಕ ಬರೂದಿಲ್ಲ. ಬಲ್ಲಾವ್ರು ಹೇಳ್ರಿ.

ಉದ್ಯಮಬಾಗ ಟರ್ನರ್:
ಸ್ಟುಡಿಯೋ ಅಣ್ಣಾರ, ಮೊದಲ ಆ ‘ಇಟಲಿ’ ಅನ್ನೂ ಮಾತು ಒಂಚೂರು ಇಳಸೂಣು. ವೆಸ್ಪಾ ಹುಟ್ಟಿದ್ದು 1946ರಾಗ, ಇಟಲಿಯ ಪೊಂಟೆಡೇರಾದ ಪಿಯಾಜಿಯೊ ಕಾರ್ಖಾನಿಯೊಳಗ. ಖರೆ. ಆದ್ರ 1960ರ ಸುಮಾರಿಗೆ ಬಜಾಜದವ್ರು ಪಿಯಾಜಿಯೊ ಲೈಸೆನ್ಸ್ ತಗೊಂಡು ಇಲ್ಲೇ ಮಾಡಾಕ ಹತ್ತಿದ್ರು. 1971ಕ್ಕ ಆ ಕರಾರು ಮುಗೀತು, ಮುಂದ ಅದ ಮೈಕಟ್ಟಿನ ಮ್ಯಾಲ ಚೇತಕ್ ಬಂತು. 1964ರ ಗಾಡಿ ಎದಿ ಮ್ಯಾಲ ವೆಸ್ಪಾ ಅಂತ ಬರದಿದ್ರೂ ಅದು ನಮ್ಮ ಕಡೆದ್ದ ಇರೂದು ಹೆಚ್ಚು. ನಂದೂ ಹಂಗ. ಹಂಗಂತ ಅದು ಕೀಳ ಅಲ್ಲ, ಆದ್ರ ಇಟಲಿ ರೊಕ್ಕ ಕೊಡಬ್ಯಾಡ್ರಿ.

ಆ ಕಾಲದ ಸಣ್ಣ ಗಾಲಿಯ 150 ಸಿಸಿ ಇಟಲಿ ಗಾಡಿಗೆ ಚಾಸಿ ನಂಬರ್ ವಿಬಿಬಿ1ಟಿ ಇಲ್ಲಾ ವಿಬಿಬಿ2ಟಿ ಅಂತ ಸುರು ಆಗತೈತಿ, ಎಂಜಿನ್ ಮ್ಯಾಲ ಟಿ ಬದಲಿ ಎಂ ಇರತೈತಿ. ಟಿ ಅಂದ್ರ ಅವರ ಭಾಷೆದಾಗ ತೆಲಾಯೊ, ಚಾಸಿ. ಎಂ ಅಂದ್ರ ಮೊತೊರೆ. ಅಕ್ಷರ ನೋಡಿ ಖುಷಿ ಆಗಬ್ಯಾಡ್ರಿ ಮತ್ತ, ಪಂಚ್ ಹೊಡ್ಯಾಕ ಎಷ್ಟೊತ್ತು? ನಂಬರ್ ಸುತ್ತ ಉಜ್ಜಿದ ಗುರ್ತು ಇದ್ರ, ಅಕ್ಷರ ಏರುಪೇರು ಇದ್ರ, ಚಾ ಕುಡದು ಎದ್ದ ಬರ್ರಿ.

ಇನ್ನ ತಗಡು. ಬಾಗಲಕೋಟಿಯವ್ರಿಗೆ ನಮ್ಮ ಬೆಳಗಾವಿ ಮಳಿ ಗೊತ್ತಿಲ್ಲ, ಜೂನಿಗೆ ಹತ್ತಿತು ಅಂದ್ರ ಸೆಪ್ಟೆಂಬರ್ ತನಕ ಬಿಡೂದಿಲ್ಲ. ವೆಸ್ಪಾಕ್ಕ ಬ್ಯಾರೆ ಚೌಕಟ್ಟಿಲ್ಲ, ತಗಡ ಅದರ ಎಲುಬು. ನಾನು 2009ರಾಗ ನಿಪ್ಪಾಣಿಯಿಂದ 14,000ಕ್ಕ ತಂದ ಗಾಡಿ ಹೊರಗ ಮದುಮಗನಂಗ ಇತ್ತು. ಮನಿಗೆ ತಂದು ಬ್ರೇಕ್ ಪೆಡಲ್ ಹತ್ರ ಒತ್ತಿ ಕಾಲಿಟ್ಟೆ, ಹಿಮ್ಮಡ ಕೆಳಗ ಇಳೀತು. ಪುಟ್ಟಿ ಮ್ಯಾಲ ಪೇಂಟ್! ಹೊಸಾ ತಗಡ ಕೂಡಸಾಕ ಗಾಡಿ ರೇಟಿಗಿಂತ ಹೆಚ್ಚು ಹೋತು. ಸಣ್ಣದೊಂದು ಮ್ಯಾಗ್ನೆಟ್ ತಗೊಂಡು ಅರಿವಿ ಸುತ್ತಿ ಕಾಲಿಡೂ ಜಾಗದಾಗ ಆಡಸ್ರಿ, ಮಲಗಿ ಕೆಳಗೂ ಆಡಸ್ರಿ. ಅಂಟದಿದ್ದಲ್ಲೆ ಪುಟ್ಟಿ.

ಬಿಸಿ ಎಂಜಿನ್ ಒಂದ ಕಿಕ್ಕಿಗೆ ಚಾಲೂ ಆಗೂದೇನ್ ದೊಡ್ಡಸ್ತಿಕಿ ಅಲ್ಲ. "ನಾ ಬರೂತನಕ ಮುಟ್ಟಬ್ಯಾಡ್ರಿ" ಅಂತ ಫೋನ್ ಮಾಡಿ ಹೋಗ್ರಿ. ಟೂ ಸ್ಟ್ರೋಕ್ ಐತಿ, ಮೊದಲಿಗೆ ಹೊಗೆ ಬರೂದ. ಹತ್ತ ನಿಮಿಷ ಓಡಿಸಿದ ಮ್ಯಾಲೂ ಬಿಳಿ ಹೊಗೆ ನಿಲ್ಲಲಿಲ್ಲ ಅಂದ್ರ ಕ್ಲಚ್ ಕಡೆ ಆಯಿಲ್ ಸೀಲ್ ಮ್ಯಾಲ ಸಂಶಯ ಪಡ್ರಿ, ಎಂಜಿನ್ ಗೇರ್ ಆಯಿಲ್ ಕುಡ್ಯಾಕ ಹತ್ತಿರತೈತಿ. ಸೀಲ್ ತುಟ್ಟಿ ಅಲ್ಲ, ಹಾಕಬೇಕಂದ್ರ ಎಂಜಿನ್ ಎರಡ ಹೋಳ ಮಾಡಬೇಕು. ಆ ಕಡೆ, ಮ್ಯಾಗ್ನೆಟೊ (ಕಿಡಿಗೆ ಕರೆಂಟ್ ಹುಟ್ಟಸೂ ಗಾಲಿ) ಬಾಜೂದ ಸೀಲ್ ಹೋಗಿದ್ರ ಗಾಳಿ ಎಳೀತೈತಿ, ಎಕ್ಸಲೇಟರ್ ಬಿಟ್ರೂ ಎಂಜಿನ್ ಸದ್ದು ಇಳಿಯೂದಿಲ್ಲ. ಹಂಗ ಓಡಿಸಿದ್ರ ಪಿಸ್ಟನ್ ಹಿಡೀತೈತಿ. ದಿಬ್ಬ ಹತ್ತುವಾಗ ಗೇರ್ ತಾನ ಜಿಗೀತಂದ್ರ ಗೇರ್ ಕ್ರಾಸ್ (ಗೇರ್ ಹಿಡಿಯೂ ಶಿಲುಬಿ ಆಕಾರದ ತುಂಡು) ಸವದೈತಿ, ಅದಕ್ಕೂ ಎಂಜಿನ್ ಬಿಚ್ಚೂದ.

ಲೀಟರ್ ಪೆಟ್ರೋಲಿಗೆ 20 ಮಿಲಿ ಟೂ-ಟಿ (ಟೂ ಸ್ಟ್ರೋಕ್) ಆಯಿಲ್ ಕೂಡಸ್ರಿ. ಈಗಿನ ಎಥನಾಲ್ ಪೆಟ್ರೋಲ್ ನೀರು ಹಿಡೀತೈತಿ, ಶೂಟಿಂಗ್ ಇಲ್ಲದಾಗ ನಿಲ್ಲಸಾವ್ರಾದ್ರ ಪೆಟ್ರೋಲ್ ಕಾಕ್ ಬಂದ್ ಮಾಡಿ ಎಂಜಿನ್ ತಾನ ಆಫ್ ಆಗೂತನಕ ಬಿಡ್ರಿ.

ಒಂದ ಮಾತು, ಸಿಟ್ಟಾಗಬ್ಯಾಡ್ರಿ. ನಿಂತ ಗಾಡಿ ಮ್ಯಾಲ ಕೂತು ತಂಪು ಕನ್ನಡಕ ಹಾಕ್ಕೊಂಡು ನಗಾಕ ಚೇತಕ್ ಸಾಕು. ಫೋಟೊದಾಗ ಚಾಸಿ ನಂಬರ್ ಯಾರ್ ಓದ್ತಾರ?

ಗೋಕಾಕ ಫಾರ್ಮ್‌ವಾಲಾ:
ಕಾಗದದ್ದಷ್ಟ ಹೇಳ್ತೀನಿ. ತಂದೆ ತೀರಿಕೊಂಡಿದ್ರ ಮೊದಲು ಮಗ ಫಾರ್ಮ್ 31 ಹಾಕಿ ತನ್ನ ಹೆಸರಿಗೆ ಮಾಡಿಸ್ಕೋಬೇಕು. ಆಮ್ಯಾಲ ನಿಮ್ಮ ಹೆಸರಿಗೆ ಮಾಡಸಾಕ ಫಾರ್ಮ್ 29 ಮತ್ತ 30. ಹಿಂದಿನ ತಾರೀಖಿನಾಗ ತಂದೆ ಸಹಿ ಐತಿ ಅಂದ್ರ ಕೈ ಮುಗೀರಿ. 15 ವರ್ಷದ ಮ್ಯಾಲ ಐದೈದು ವರ್ಷಕ್ಕೊಮ್ಮೆ ರಿನಿವಲ್ ಆಗೈತೋ ಇಲ್ಲೋ ನೋಡ್ರಿ.
2021ರಾಗ ಬಂದ ವಿಂಟೇಜ್ ನಿಯಮ, ‘ವಿಎ’ ನಂಬರಿಂದು, ಯಾರರೇ ಹೇಳ್ಯಾರು. 50 ವರ್ಷ ದಾಟಿದ ಗಾಡಿಗೆ, ಹೊಸಾ ನೋಂದಣಿಗೆ 20,000 ಫೀ. ಆದ್ರ ಅದನ್ನ ದಿನಾ ಓಡಸಾಕಾಗಲಿ ಧಂದೆಕ್ಕಾಗಲಿ ಬಳಸೂ ಹಂಗಿಲ್ಲ. ನಿಮ್ದು ಧಂದೆ.

ಗುಮ್ಮಟದ ಹುಡುಗ:
ವಿಜಯಪುರದಿಂದ್ರಿ. ವೆಸ್ಪಾನ ಯಾಕ ಬೇಕು? ನಮ್ಮ ಕಾಕಾನ ಹತ್ರ ವಿಜಯ್ ಸೂಪರ್ ಸ್ಕೂಟರ್ ಅದ. ಲ್ಯಾಂಬ್ರೆಟಾ ಸ್ಕೂಟರ್ ಮಾಡ್ತಿದ್ದ ಮಿಲಾನಿನ ಇನೊಚೆಂಟಿ ಕಾರ್ಖಾನಿ ಮಷೀನನ್ನೆಲ್ಲಾ ಸರಕಾರದ ಸ್ಕೂಟರ್ಸ್ ಇಂಡಿಯಾದವ್ರು ಖರೀದಿ ಮಾಡಿ ಲಖನೌಕ್ಕ ತಂದ್ರಲ್ಲ, ಆ ಮನಿತನದ್ದು. ಎಂಜಿನ್ ನಟ್ಟನಡುವ ಅದ, ವೆಸ್ಪಾದಂಗ ಬಲಕ್ಕ ವಾಲೂದಿಲ್ಲ. ಇಟಲಿ ರಕ್ತ ಇದರಾಗೂ ಅದ ಅಂತಾನ ಕಾಕಾ. ಪ್ರತಿ ರವಿವಾರ ಚಾಲೂ ಮಾಡಿ ಓಣಿಗೆಲ್ಲಾ ಹೊಗೆ ಕೊಡ್ತಾನ.

ಬಾಗಲಕೋಟಿ ಸ್ಟುಡಿಯೋ:
ನಿನ್ನೆ ಮತ್ತ ಹೋಗಿದ್ದೆ. ಎಂಜಿನ್ ತಣ್ಣಗಿತ್ತು, 11 ಕಿಕ್. ಅದನ್ನ ಬಿಡ್ರಿ. ಮ್ಯಾಗ್ನೆಟ್ ಕಾಲಿಡೂ ಜಾಗದಾಗ ಅಂಗೈ ಅಗಲ ಅಂಟಲೇ ಇಲ್ಲ, ಜಾರಿ ಕೆಳಗ ಬಿತ್ತು. ಮಾರಾವ್ರು "ಅಲ್ಲೆ ಪೇಂಟ್ ದಪ್ಪ ಐತಿ" ಅಂದ್ರು. ಬಲಗಡೆ ಪ್ಯಾನೆಲ್ ತಗಸಿದೆ. ಚಾಸಿ ನಂಬರಿನ ಕಡೀ ಎರಡು ಅಂಕಿ ಉಳಿದಾವಕಿಂತ ಸಣ್ಣವು. ಟರ್ನರ್ ಅಣ್ಣಾರ ಹೇಳಿದಂಗ ಚಾ ಕುಡದು, ಮಕ್ಕಳಿಗೆ ಅರ್ಧಾ ಕಿಲೋ ಕುಂದಾ ಕಟ್ಟಿಸಿಕೊಂಡು ಬಸ್ ಹತ್ತಿದೆ.

ಗುಮ್ಮಟದ ತಮ್ಮಾ, ನಿಮ್ಮ ಕಾಕಾರು ಗಾಡಿ ಕೊಡ್ತಾರೇನ?

ಗುಮ್ಮಟದ ಹುಡುಗ:
ಕೇಳಿದೆ ಅಣ್ಣಾ. ಮಾರೂ ಮಾತು ತಗದ್ರ ಊಟಾ ಬಿಟ್ಟು ಎದ್ದ ಹೋದ. ಶೂಟಿಂಗಿಗಾದ್ರ ಬರ್ತಾನಂತ, ಆದ್ರ ಹ್ಯಾಂಡಲ್ ಮದುಮಗನ ಕೈಯಾಗ ಕೊಡೂದಿಲ್ಲಂತ. ಓಡಸಾಂವ ತಾನ, ಬೇಕಿದ್ರ ಹುಡುಗಿ ಹಿಂದ ಕೂಡಲಿ ಅಂದಾನ.