ಕ್ಯಾನ್ಸರ್ ಚಿಕಿತ್ಸೆ ಮುಗಿದರೂ ‘ಮತ್ತೆ ಬರುತ್ತಾ’ ಅನ್ನೋ ಭಯ: ಪೆಟ್ ಸ್ಕ್ಯಾನ್ ಮಾಡಿಸಬೇಕಾ?

ದಾವಣಗೆರೆ_ಮಗಳು:

ಅಮ್ಮನಿಗೆ 57 ವರ್ಷ. ಎಡಗಡೆ ಸ್ತನದ ಕ್ಯಾನ್ಸರ್, ಎರಡನೇ ಹಂತ, ಹಾರ್ಮೋನ್ ಪಾಸಿಟಿವ್ (ಹಾರ್ಮೋನಿನಿಂದ ಬೆಳೆಯೋ ಥರದ್ದು), ಹರ್-2 ಅನ್ನೋ ಪ್ರೋಟೀನ್ ನೆಗೆಟಿವ್. ಸ್ತನ ಪೂರ್ತಿ ತೆಗೆದಿದ್ದಾರೆ. ಕೀಮೋ, ರೇಡಿಯೇಶನ್ ಮುಗಿದು ಒಂದೂವರೆ ವರ್ಷ ಆಯ್ತು. ಈಗ ಲೆಟ್ರೊಜೋಲ್ (ಹಾರ್ಮೋನ್ ತಗ್ಗಿಸೋ ಮಾತ್ರೆ) 2.5 ಮಿ.ಗ್ರಾಂ ದಿನಕ್ಕೊಂದು. ಡಾಕ್ಟರ್ ಪ್ರಕಾರ ಈಗ ರೋಗ ಇಲ್ಲ.

ಆದರೆ ಮಂಡಿ ನೋವು ಬಂದ್ರೆ ಮೂಳೆಗೆ ಬಂತು, ಕೆಮ್ಮಿದ್ರೆ ಶ್ವಾಸಕೋಶಕ್ಕೆ ಬಂತು ಅಂತ ಶುರು. ಗಾಯದ ಜಾಗ ಒತ್ತಿ ಒತ್ತಿ ನೋಡ್ಕೊಳ್ತಾರೆ. ಚೆಕಪ್ ಹತ್ತಿರ ಬಂದ್ರೆ ನಿದ್ದೆ ಇಲ್ಲ, ಊಟ ಇಲ್ಲ. ನಾವು ‘ಏನೂ ಆಗಲ್ಲ ಬಿಡಮ್ಮ’ ಅಂದ್ರೆ ಸ್ವಲ್ಪ ಹೊತ್ತು ಸುಮ್ಮನಿರ್ತಾರೆ, ಆಮೇಲೆ ಮತ್ತೆ ಅದೇ. ನೆಂಟರೊಬ್ಬರು ಒಂದು ಪೆಟ್ ಸ್ಕ್ಯಾನ್ (ಮೈಯಲ್ಲಿ ರೋಗ ಇರೋ ಜಾಗ ಹೊಳೆದು ಕಾಣೋ ಸ್ಕ್ಯಾನ್) ಮಾಡಿಸಿಬಿಡಿ, ಸಿಎ 15-3 (ಸ್ತನ ಕ್ಯಾನ್ಸರಿನ ಗುರುತು ನೋಡೋ) ರಕ್ತಪರೀಕ್ಷೆ ಮಾಡಿಸಿ, ಮನಸ್ಸಿಗೆ ಸಮಾಧಾನ ಆಗುತ್ತೆ ಅಂತಾರೆ. ಮಾಡಿಸಬೇಕಾ? ಭಯಕ್ಕೆ ಮಾತ್ರೆ ಇದೆಯಾ?

ಆಂಕೊ_ಸಿಸ್ಟರ್:

ಲಕ್ಷಣ ಏನೂ ಇಲ್ಲದಿದ್ದಾಗ ಪೆಟ್ ಸ್ಕ್ಯಾನ್, ಬೋನ್ ಸ್ಕ್ಯಾನ್, ಸಿಎ 15-3, ಸಿಇಎ (ಅದೇ ಥರದ ಇನ್ನೊಂದು ರಕ್ತಪರೀಕ್ಷೆ) ಯಾವುದೂ ಬೇಡ. ದುಡ್ಡು ಉಳಿಸೋಕೆ ಹೇಳ್ತಿರೋದಲ್ಲ. ಮೊದಲ ಮೂರು ವರ್ಷ 3ರಿಂದ 6 ತಿಂಗಳಿಗೊಮ್ಮೆ ಡಾಕ್ಟರ್ ಕೈಯಿಂದ ಪರೀಕ್ಷೆ, ನಾಲ್ಕು-ಐದನೇ ವರ್ಷ 6ರಿಂದ 12 ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಜೊತೆಗೆ ವರ್ಷಕ್ಕೊಂದು ಮ್ಯಾಮೋಗ್ರಾಂ (ಸ್ತನದ ಎಕ್ಸ್-ರೇ). ನಿಮ್ಮ ಅಮ್ಮನಿಗೆ ಬಲಗಡೆಗೆ ಮಾತ್ರ. ಮಾಮೂಲಿ ಪದ್ಧತಿ ಇಷ್ಟೇ. ಇದಕ್ಕಿಂತ ಹೆಚ್ಚು ಸ್ಕ್ಯಾನ್ ಮಾಡಿಸಿದವರು ಹೆಚ್ಚು ದಿನ ಬದುಕ್ತಾರೆ ಅಂತ ಎಲ್ಲೂ ಸಾಬೀತಾಗಿಲ್ಲ.

ಸಮಾಧಾನಕ್ಕೆ ಅಂತ ಮಾಡಿಸಿದ ಸ್ಕ್ಯಾನ್ ಉಲ್ಟಾ ಹೊಡೆಯೋದು ಹೀಗೆ: ಪೆಟ್‌ನಲ್ಲಿ ಕ್ಯಾನ್ಸರ್ ಮಾತ್ರ ಹೊಳೆಯಲ್ಲ, ಸೋಂಕೂ ಹೊಳೆಯುತ್ತೆ. ನಮ್ಮ ದೇಶದಲ್ಲಿ ಎದೆಯೊಳಗಿನ ದುಗ್ಧರಸ ಗ್ರಂಥಿಯಲ್ಲಿ (ಲಿಂಫ್ ನೋಡ್) ಟಿಬಿ ಇರೋರು ಕಡಿಮೆ ಏನಲ್ಲ. ಅದು ಹೊಳೆದರೆ ಬಯಾಪ್ಸಿ (ಚೂರು ತೆಗೆದು ಪರೀಕ್ಷೆ), ಮತ್ತೆ ಕಾಯೋದು. ಸಿಎ 15-3 ಲಿವರ್ ತೊಂದರೆಯಲ್ಲೂ ಏರುತ್ತೆ. ನಾರ್ಮಲ್ ಬಂದರೂ ರೋಗ ಇಲ್ಲ ಅಂತ ಅದನ್ನೊಂದನ್ನೇ ನಂಬೋ ಹಾಗಿಲ್ಲ.

ಮಂಡಿ ನೋವಿನ ವಿಷಯ. ಲೆಟ್ರೊಜೋಲ್ ತಗೊಳ್ಳೋರಲ್ಲಿ ಕೀಲು ನೋವು ತುಂಬಾ ಸಾಮಾನ್ಯ. ಸಾಮಾನ್ಯವಾಗಿ ಎರಡೂ ಕಡೆ ಇರುತ್ತೆ: ಬೆರಳ ಗಂಟು, ಮಣಿಕಟ್ಟು, ಮಂಡಿ. ಬೆಳಿಗ್ಗೆ ಎದ್ದಾಗ ಬಿಗಿದಿರುತ್ತೆ, ಓಡಾಡಿದ ಮೇಲೆ ಸಡಿಲ ಆಗುತ್ತೆ. ಮೂಳೆಗೆ ಹರಡಿದ ನೋವು ಸಾಮಾನ್ಯವಾಗಿ ಒಂದೇ ಜಾಗದಲ್ಲಿ (ಬೆನ್ನುಮೂಳೆ, ಸೊಂಟ, ಪಕ್ಕೆಲುಬು) ಕೂತು, ವಿಶ್ರಾಂತಿ ತಗೊಂಡರೂ ಬಿಡದೆ, ದಿನೇ ದಿನೇ ಜಾಸ್ತಿ ಆಗುತ್ತೆ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತೆ. ಅನುಮಾನ ಇದ್ರೆ ಡಾಕ್ಟರನ್ನೇ ಕೇಳಿ, ನೋವಿಗೆ ಹೆದರಿ ಮಾತ್ರೆ ಮಾತ್ರ ನಿಲ್ಲಿಸಬೇಡಿ. ಮರುಕಳಿಕೆ ತಡೆಯೋಕೆ ಇರೋದೇ ಆ ಮಾತ್ರೆ. ನೋವು ತಡ್ಕೊಳ್ಳೋಕಾಗದಿದ್ರೆ ಅದೇ ಗುಂಪಿನ ಬೇರೆ ಮಾತ್ರೆಗೆ ಬದಲಾಯಿಸ್ತಾರೆ.

ಫೋನ್ ಮಾಡಬೇಕಾದ್ದು ಯಾವಾಗ ಅನ್ನೋದನ್ನ ಒಂದು ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ. ಎದೆಗೋಡೆ, ಕಂಕುಳು, ಕೊರಳ ಪಟ್ಟಿ ಮೂಳೆ ಮೇಲೆ ಹೊಸ ಗಂಟು. ಗಾಯದ ಗೆರೆಯಲ್ಲಿ ಗಟ್ಟಿ ಕಾಳು ಅಥವಾ ಕೆಂಪು. ಬಲ ಸ್ತನದಲ್ಲಿ ಯಾವುದೇ ಬದಲಾವಣೆ. ಎಡಗೈ ಹೊಸದಾಗಿ ಊದೋದು: ಇವಿಷ್ಟು ಕಂಡ ವಾರದಲ್ಲೇ ಹೇಳಬೇಕು. ಕೆಮ್ಮು, ಒಂದೇ ಕಡೆ ಮೂಳೆ ನೋವು, ಕಾರಣವಿಲ್ಲದೆ ತೂಕ ಇಳಿಯೋದು, ಹಸಿವು ಹೋಗೋದು: ಶುರುವಾದ ತಾರೀಖು ಬರೆದಿಡಿ, ಎರಡು ವಾರಕ್ಕೂ ಹೋಗದಿದ್ರೆ ಅಥವಾ ಮಧ್ಯದಲ್ಲೇ ಜಾಸ್ತಿಯಾದ್ರೆ ಫೋನ್. ಉಸಿರಾಡೋಕೆ ಕಷ್ಟ, ಫಿಟ್ಸ್, ಕಣ್ಣು ಹಳದಿಯಾಗೋದು, ಬೆನ್ನು ನೋವಿನ ಜೊತೆ ಕಾಲಲ್ಲಿ ಬಲ ಇಲ್ಲದಿರೋದು, ಮೂತ್ರ ಕಟ್ಟೋದು: ಇವಕ್ಕೆ ಅದೇ ದಿನ ಆಸ್ಪತ್ರೆ. ಅದರಲ್ಲೂ ಉಸಿರಾಟದ ಕಷ್ಟ, ಫಿಟ್ಸ್, ಕಾಲಿನ ಬಲ ಹೋಗೋದು, ಮೂತ್ರ ಕಟ್ಟೋದು ಬೆಳಿಗ್ಗೆವರೆಗೂ ಕಾಯೋ ವಿಷಯ ಅಲ್ಲ.

ಆಪ್ತಸಮಾಲೋಚಕಿ_ಮೈಸೂರು:

ಸಿಸ್ಟರ್ ಹೇಳಿದ ಹಾಳೆ ಅರ್ಧ ಕೆಲಸ ಮಾಡುತ್ತದೆ. ಉಳಿದರ್ಧ ಮನೆಯವರ ಕೈಯಲ್ಲಿದೆ.

‘ಏನೂ ಆಗಲ್ಲ’ ಎಂಬ ಮಾತು ತುರಿಕೆ ಕೆರೆದ ಹಾಗೆ: ಆ ಕ್ಷಣಕ್ಕೆ ಹಿತ, ಆಮೇಲೆ ಇನ್ನಷ್ಟು ಬೇಕು. ಅಷ್ಟೇ ಅಲ್ಲ, ಆ ಭರವಸೆ ಕೊಡಲು ನಿಮಗೆ ಆಧಾರವಿಲ್ಲ ಎಂಬುದು ಅವರಿಗೂ ಗೊತ್ತು. ಬದಲಿಗೆ, ‘ಭಯ ಆಗ್ತಿದೆ ಅಲ್ವಾ ಅಮ್ಮಾ. ಇದು ಹಾಳೆಯಲ್ಲಿ ಇದೆಯಾ ನೋಡೋಣ’ ಎನ್ನಿ. ಇದ್ದರೆ ತಾರೀಖು ಬರೆಯಿರಿ. ಇಲ್ಲದಿದ್ದರೆ ‘ಸಂಜೆ ಮಾತಾಡೋಣ’ ಎಂದು ಅಲ್ಲಿಗೆ ಬಿಡಿ.

ಆ ಸಂಜೆಯ ಮಾತಿಗೆ ನಿಗದಿತ ಹೊತ್ತು ಬೇಕು. ದಿನಾ ಒಂದೇ ಸಮಯ, ಉದಾಹರಣೆಗೆ 5 ಗಂಟೆಗೆ, 15ರಿಂದ 20 ನಿಮಿಷ. ಮಲಗುವ ಕೋಣೆಯಲ್ಲಿ ಬೇಡ, ಮಲಗುವ ಮುಂಚೆಯಂತೂ ಬೇಡವೇ ಬೇಡ. ಹಗಲಲ್ಲಿ ಬಂದ ಚಿಂತೆಯನ್ನು ಒಂದು ಸಾಲಿನಲ್ಲಿ ಬರೆದು ಆ ಹೊತ್ತಿಗೆ ಮುಂದೂಡುವುದು. ಕೂತಾಗ ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಇದಕ್ಕೆ ಇವತ್ತು ಮಾಡುವಂಥದ್ದು ಏನಾದರೂ ಇದೆಯಾ? ಇದ್ದರೆ ಮಾಡಿ, ಇಲ್ಲದಿದ್ದರೆ ಹಾಗೇ ಇರಲಿ. ಚಿಂತೆಯನ್ನು ಓಡಿಸಬೇಕಿಲ್ಲ, ಅದರ ಜೊತೆ ವಾದಕ್ಕೆ ಕೂರದಿದ್ದರೆ ಸಾಕು. ಮೊದಲ ವಾರ ಬಹುತೇಕ ಎಲ್ಲರಿಗೂ ‘ಇದು ಆಗಲ್ಲ’ ಅನಿಸುತ್ತದೆ, ಕೆಲವರಿಗೆ ಭಯ ಸ್ವಲ್ಪ ಏರಲೂಬಹುದು. ಅಲ್ಲೇ ಬಿಟ್ಟುಬಿಡುವವರೇ ಹೆಚ್ಚು. ಮೂರ್ನಾಲ್ಕು ವಾರ ಹಿಡಿದು ಮಾಡಿ ನೋಡಿ.

ಚೆಕಪ್‌ನ ಹಿಂದಿನ ವಾರವನ್ನು ಬೇರೆಯಾಗಿ ಯೋಜಿಸಿ. ಕೇಳಬೇಕಾದ ಪ್ರಶ್ನೆ ಮೂರಕ್ಕೆ ಮೀರದಂತೆ ಬರೆದಿಡಿ, ಯಾರು ಜೊತೆಗೆ ಹೋಗುವುದು ಎಂದು ಮೊದಲೇ ತೀರ್ಮಾನವಾಗಲಿ. ರಿಪೋರ್ಟ್ ಬರುವ ದಿನವೇ ಡಾಕ್ಟರ್ ಸಿಗುವಂತೆ ಅಪಾಯಿಂಟ್‌ಮೆಂಟ್ ಕೇಳಿ. ಅತಿ ಹೆಚ್ಚು ಹಿಂಸೆ ಕೊಡುವುದು ರಿಪೋರ್ಟ್ ಕವರ್ ಕೈಗೆ ಬಂದು ಡಾಕ್ಟರ್ ಸಿಗದ ಆ ಎರಡು-ಮೂರು ದಿನ. ಆ ದಿನಗಳಲ್ಲಿ ಕವರ್ ಮಗಳ ಬಳಿ ಇರುವುದು ಒಳ್ಳೆಯದು.

ಆಂಕೊ_ಸಿಸ್ಟರ್:

ಕವರ್ ವಿಷಯದಲ್ಲಿ ಒಪ್ಪಲ್ಲ ಮೇಡಂ. ಮಗಳು ಬಚ್ಚಿಟ್ಟಳು ಅಂದ್ರೆ ‘ಏನೋ ಇದೆ, ಅದಕ್ಕೇ ತೋರಿಸ್ತಿಲ್ಲ’ ಅಂತಾನೇ ಅಮ್ಮಂದಿರು ಅಂದ್ಕೊಳ್ಳೋದು. ಓದಲಿ, ಆದರೆ ಪದಗಳ ಅರ್ಥ ಮೊದಲೇ ಗೊತ್ತಿರಲಿ. ‘ಸಜೆಸ್ಟ್ ಕ್ಲಿನಿಕಲ್ ಕೋರಿಲೇಶನ್’ ಅನ್ನೋ ಸಾಲು ಎಷ್ಟೋ ರಿಪೋರ್ಟಿನ ಕೊನೆಗೆ ಇರುತ್ತೆ, ಅದು ಎಚ್ಚರಿಕೆ ಗಂಟೆ ಅಲ್ಲ. ರೋಗಿಯನ್ನ ಪರೀಕ್ಷೆ ಮಾಡಿ ಹೊಂದಿಸಿ ನೋಡಿ ಅಂತ ಡಾಕ್ಟರಿಗೆ ಹೇಳಿರೋದು. ರೇಡಿಯೇಶನ್ ಬಿದ್ದ ಕಡೆ ಶ್ವಾಸಕೋಶದಲ್ಲಿ ‘ಫೈಬ್ರೋಸಿಸ್’ ಅಂತಿದ್ರೆ ಬಹುಪಾಲು ಚಿಕಿತ್ಸೆಯ ಕಲೆ. ಮ್ಯಾಮೋಗ್ರಾಂನಲ್ಲಿ ಬೈರಾಡ್ಸ್ (ಅನುಮಾನ ಎಷ್ಟಿದೆ ಅಂತ ಹೇಳೋ ಅಂಕಿ) 1 ಮತ್ತು 2 ಅಂದ್ರೆ ಕ್ಯಾನ್ಸರಿನ ಸುಳಿವಿಲ್ಲ. 3 ಅಂದ್ರೆ ಬಹುಶಃ ಏನೂ ಅಲ್ಲ, ಕ್ಯಾನ್ಸರ್ ಇರೋ ಸಾಧ್ಯತೆ ಶೇ. 2ಕ್ಕಿಂತ ಹೆಚ್ಚಿಲ್ಲ, ಸಾಮಾನ್ಯವಾಗಿ 6 ತಿಂಗಳಿಗೆ ಮತ್ತೆ ನೋಡ್ತಾರೆ. 4, 5 ಇದ್ರೆ ಬಯಾಪ್ಸಿ. 0 ಅಂದ್ರೆ ಚಿತ್ರ ಸಾಲದು, ಇನ್ನೊಂದು ಪರೀಕ್ಷೆ ಬೇಕು ಅಂತ. ಸೊನ್ನೆ ನೋಡಿ ಖುಷಿ ಪಡೋರೂ ಇದ್ದಾರೆ!

ದಾವಣಗೆರೆ_ಮಗಳು:

ಇಬ್ಬರಿಗೂ ಥ್ಯಾಂಕ್ಸ್. ಒಂದು ಅನುಮಾನ. ಒತ್ತಿ ನೋಡೋದನ್ನ ಪೂರ್ತಿ ನಿಲ್ಲಿಸಿದ್ರೆ ನಿಜವಾದ ಗಂಟು ತಪ್ಪಿ ಹೋಗಲ್ವಾ?

ಆಪ್ತಸಮಾಲೋಚಕಿ_ಮೈಸೂರು:

ಪೂರ್ತಿ ನಿಲ್ಲಿಸುವುದು ಬೇಡ. ತಿಂಗಳಿಗೊಮ್ಮೆ, ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ದಿನ, ಸ್ನಾನದ ಹೊತ್ತಲ್ಲಿ. ಮೂರು ಬೆರಳ ತುದಿಯ ಮೆತ್ತನೆ ಭಾಗದಿಂದ ಗಾಯದ ಗೆರೆ, ಎದೆಗೋಡೆ, ಎರಡೂ ಕಂಕುಳು, ಕೊರಳ ಪಟ್ಟಿ ಮೂಳೆಯ ಮೇಲ್ಭಾಗ, ಬಲ ಸ್ತನ. ಹತ್ತು ನಿಮಿಷ ಧಾರಾಳವಾಯಿತು. ದಿನಾ ಒತ್ತಿದರೆ ಆ ಜಾಗ ನೋಯುತ್ತದೆ, ಮೃದುವಾಗಿ ಊದುತ್ತದೆ, ಆ ನೋವೇ ಹೊಸ ಸಾಕ್ಷಿಯಾಗಿ ಮತ್ತೆ ಒತ್ತಿಸುತ್ತದೆ. ಇನ್ನೊಂದು, ಸ್ತನ ತೆಗೆದ ಮೇಲೆ ಪಕ್ಕೆಲುಬಿನ ಅಂಚು ಚರ್ಮದ ಕೆಳಗೇ ಕೈಗೆ ಸಿಗುತ್ತದೆ. ಅದನ್ನು ಗಂಟು ಅಂದುಕೊಳ್ಳುವವರು ಬಹಳ. ಮುಂದಿನ ಚೆಕಪ್‌ನಲ್ಲಿ ‘ಯಾವುದು ನನ್ನ ಮೂಳೆ, ಯಾವುದು ಗಾಯದ ಗಟ್ಟಿ’ ಎಂದು ಡಾಕ್ಟರಿಂದ ಅಮ್ಮನ ಬೆರಳಿಟ್ಟೇ ತೋರಿಸಿಕೊಳ್ಳಿ. ಈಗ ದಿನಕ್ಕೆ ಎಷ್ಟು ಸಲ ಒತ್ತುತ್ತಾರೋ ಅದನ್ನು ಒಂದೇ ದಿನಕ್ಕೆ ಬಿಡಿಸಲು ಹೋಗಬೇಡಿ; ವಾರದಿಂದ ವಾರಕ್ಕೆ ಇಳಿಸಿ.

ಔಷಧಿ_ಅಂಗಡಿ:

ಮಾತ್ರೆ ಬಗ್ಗೆ ಯಾರೂ ಹೇಳಿಲ್ಲ. ಆಲ್‌ಪ್ರಜೋಲಂ ಅನ್ನೋ ಆತಂಕದ ಮಾತ್ರೆನ ಅಂಗಡಿಯಲ್ಲಿ ಕೇಳಿ ತರಬೇಡಿ. ಅದು ಚೀಟಿ ಇಲ್ಲದೆ ಕೊಡುವಂತಿಲ್ಲದ ಔಷಧಿ, ಅಭ್ಯಾಸ ಹಿಡಿಯುತ್ತೆ, ರಾತ್ರಿ ಎದ್ದಾಗ ತೂರಾಡಿಸುತ್ತೆ. ಲೆಟ್ರೊಜೋಲ್ ಮೂಳೆ ಸವೆಸುತ್ತೆ, ಅಂಥವರು ಬಿದ್ದರೆ ಸೊಂಟ ಮುರಿಯೋ ಅಪಾಯ ಜಾಸ್ತಿ.

ಎರಡು ವಾರಕ್ಕೂ ಹೆಚ್ಚು ನಿದ್ದೆ-ಊಟ ಕೆಟ್ಟಿದ್ರೆ, ಅಥವಾ ಭಯಕ್ಕೆ ಚೆಕಪ್ಪೇ ಬೇಡ ಅಂತಿದ್ರೆ ಮನೋವೈದ್ಯರಿಗೆ ತೋರಿಸಿ. ಅವರು ಕೊಡೋ ಎಸಿಟಾಲೊಪ್ರಾಂ ಥರದ ಮಾತ್ರೆ ಕೆಲಸ ಶುರು ಮಾಡೋಕೆ 2ರಿಂದ 4 ವಾರ ಬೇಕು, ಮೂರನೇ ದಿನಕ್ಕೆ ‘ಉಪಯೋಗ ಇಲ್ಲ’ ಅಂತ ನಿಲ್ಲಿಸಬೇಡಿ. ಲೆಟ್ರೊಜೋಲ್ ಬದಲು ಟಾಮಾಕ್ಸಿಫೆನ್ ತಗೊಳ್ತಿರೋರು ಇದನ್ನ ಓದ್ತಿದ್ರೆ: ಖಿನ್ನತೆ-ಆತಂಕಕ್ಕೆ ಕೊಡೋ ಪ್ಯಾರಾಕ್ಸೆಟಿನ್, ಫ್ಲೂಆಕ್ಸೆಟಿನ್ ಬೇಡ ಅಂತ ಡಾಕ್ಟರಿಗೆ ನೆನಪಿಸಿ. ಟಾಮಾಕ್ಸಿಫೆನ್ ದೇಹದಲ್ಲಿ ಕೆಲಸ ಮಾಡೋ ರೂಪಕ್ಕೆ ಬದಲಾಗೋದನ್ನ ಅವು ತಡೀತವೆ. ವೆನ್ಲಾಫ್ಯಾಕ್ಸಿನ್‌ನಿಂದ ಆ ತೊಂದರೆ ಕಡಿಮೆ.

ಮಧ್ಯರಾತ್ರಿ ಅಮ್ಮನಿಗೆ ಮಾತಾಡೋಕೆ ಯಾರಾದ್ರೂ ಬೇಕು ಅನಿಸಿದ್ರೆ ಟೆಲಿ-ಮಾನಸ್ 14416. ಸರ್ಕಾರದ್ದು, ಉಚಿತ, 24 ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಮತ್ತೆ, ಲೆಟ್ರೊಜೋಲ್ ಶುರು ಮಾಡುವಾಗ ಮೂಳೆ ಸಾಂದ್ರತೆಯ ಡೆಕ್ಸಾ ಪರೀಕ್ಷೆ ಆಗಿತ್ತಾ ಅಂತ ಫೈಲ್‌ನಲ್ಲಿ ನೋಡಿ. ಆಗಿರದಿದ್ರೆ ಮುಂದಿನ ಚೆಕಪ್‌ನ ಮೂರು ಪ್ರಶ್ನೆಯಲ್ಲಿ ಅದೂ ಒಂದಿರಲಿ. ಪೆಟ್ ಸ್ಕ್ಯಾನಿಗಿಂತ ಅದಕ್ಕೆ ಖರ್ಚು ತುಂಬಾ ಕಮ್ಮಿ, ನಿಮ್ಮ ಅಮ್ಮನಿಗೆ ಬೇಕಾಗಿರೋದೂ ಅದೇ.